ಕುಸ್ವಾರ್, ಗೋದಲಿ, ನಕ್ಷತ್ರ: ಯಾವುದು ಮೊದಲು, ಯಾವುದು ಕೊನೆಗೆ?

ಡಿಸೆಂಬರ್ ಬಂತೆಂದರೆ ಮಂಗಳೂರಿನ ಬೇಕರಿಗಳಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಪ್ಯಾಕೆಟ್ ರೆಡಿ ಸಿಗುತ್ತದೆ. ತಂದು ತಟ್ಟೆಗೆ ಸುರಿದರೆ ಮುಗಿಯಿತು. ಮನೆಯಲ್ಲೇ ಮಾಡುವುದಾದರೆ ಕೈರುಚಿಯಷ್ಟೇ ಸಾಲದು, ತಾರೀಕಿನ ಲೆಕ್ಕವೂ ಬೇಕು. ನಮ್ಮದು ಕಡಲ ಬದಿಯ ಊರು, ಗಾಳಿಯಲ್ಲಿ ಯಾವಾಗಲೂ ಪಸೆ. ತೆಂಗಿನತುರಿಯ ತಿಂಡಿ ಬೇಗ ಮಾಡಿಟ್ಟರೆ ಹಾಳು. ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಪೈರು ತಡವಾಗಿ ಬಿತ್ತಿದರೆ ಹಬ್ಬದ ದಿನ ಬರೀ ಮೊಳಕೆ. ಹಾಗಾಗಿ 24ರ ರಾತ್ರಿಯಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ.

ಮೊದಲು ಗದ್ದೆ

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಮಾಡಿಸಿದ ಗೋದಲಿಯಲ್ಲಿ ಹುಲ್ಲು, ಎತ್ತು, ಕತ್ತೆ ಇದ್ದವು. ಗದ್ದೆ ಇರಲಿಲ್ಲ. ನಮ್ಮ ಕಡೆಯ ಗೋದಲಿಗೆ ಗದ್ದೆ ಬೇಕೇ ಬೇಕು.

12ನೇ ತಾರೀಕಿನ ಹೊತ್ತಿಗೆ ರಾಗಿ ಅಥವಾ ಭತ್ತವನ್ನು ರಾತ್ರಿಯಿಡೀ ನೆನೆಸಿ. ಹಳೆಯ ತಟ್ಟೆಯಲ್ಲಿ ಎರಡು ಬೆರಳು ದಪ್ಪ ಮಣ್ಣು ಹರಡಿ, ಕಾಳನ್ನು ಒತ್ತೊತ್ತಾಗಿ ಚೆಲ್ಲಿ, ತೆಳ್ಳಗೆ ಮಣ್ಣು ಮುಚ್ಚಿ. ನೀರು ಸುರಿಯಬೇಡಿ, ಚಿಮುಕಿಸಿ. ಮೊಳಕೆ ಬರುವವರೆಗೆ ನೆರಳು, ಆಮೇಲೆ ಬೆಳಗಿನ ಬಿಸಿಲು. ಒಳಗೇ ಇಟ್ಟರೆ ಪೈರು ಹಳದಿಯಾಗಿ ಮಲಗಿಬಿಡುತ್ತದೆ.

ಗುಡಿಸಲಿಗೆ ಅಂಗಡಿಯ ಥರ್ಮಾಕೋಲ್ ಯಾಕೆ? ಮಾಡಿಗೆ ಬೈಹುಲ್ಲು ಅಥವಾ ಮಡಲು, ಗುಡ್ಡಕ್ಕೆ ಮುದುಡಿದ ಖಾಕಿ ಕಾಗದ, ದಾರಿಗೆ ಮರಳು ಸಾಕು. ಒಣ ಹುಲ್ಲಿನ ಹತ್ತಿರ ಮೇಣದಬತ್ತಿ ಮಾತ್ರ ಬೇಡ. ಸಣ್ಣ ಎಲ್‌ಇಡಿ ಸರ ಹಾಕಿ, ಮಲಗುವಾಗ ಪ್ಲಗ್ ತೆಗೆಯಿರಿ. ಬಾಲಯೇಸುವಿನ ಗೊಂಬೆ 24ರ ರಾತ್ರಿ ಇಗರ್ಜಿಯ ಪೂಜೆ ಮುಗಿಯುವವರೆಗೆ ಕಪಾಟಿನಲ್ಲೇ ಇರಲಿ.

ನಕ್ಷತ್ರಕ್ಕೆ ಹತ್ತು ಕಡ್ಡಿ

ದೀಪಾವಳಿಗೆ ಗೂಡುದೀಪ ಕಟ್ಟಿ ಅಭ್ಯಾಸ ಇರುವವರಿಗೆ ಇದು ಸುಲಭ. ಎರಡಡಿ ಉದ್ದದ ಹತ್ತು ಬಿದಿರ ಕಡ್ಡಿ ಸೀಳಿ. ಐದೈದು ಕಡ್ಡಿಗಳಿಂದ ಎರಡು ಚಪ್ಪಟೆ ನಕ್ಷತ್ರ ಮಾಡಿ, ಒಂದರ ಮೇಲೊಂದಿಟ್ಟು ಐದೂ ತುದಿಗಳನ್ನು ದಾರದಿಂದ ಬಿಗಿಯಿರಿ. ಈಗ ಒಳಗಿನ ಐದು ಮೂಲೆಗಳಲ್ಲಿ ಗೇಣುದ್ದಕ್ಕಿಂತ ಸ್ವಲ್ಪ ಕಡಿಮೆಯ ಐದು ತುಂಡು ಕಡ್ಡಿಗಳನ್ನು ಅಡ್ಡ ಸಿಕ್ಕಿಸಿದರೆ ನಕ್ಷತ್ರ ಉಬ್ಬಿ ನಿಲ್ಲುತ್ತದೆ. ಮೈದಾ ಅಂಟಿನಲ್ಲಿ ಗಾಳಿಪಟದ ಕಾಗದ ಹಚ್ಚಿ. ಬಲ್ಬ್ ಹಾಕಲು ಒಂದು ಕಡೆ ಬಾಯಿ ಬಿಡಿ. ಎಲ್‌ಇಡಿ ಬಲ್ಬೇ ಆಗಲಿ, ಹಳೆಯ ಬಲ್ಬಿನ ಬಿಸಿಗೆ ಕಾಗದ ಕರಟುತ್ತದೆ.

ಕರಿಯುವ ತಿಂಡಿಗಳು

18, 19ರ ಸುಮಾರಿಗೆ ಕಿಡಿಯೊ ಮತ್ತು ಕೊಕ್ಕಿಸಾಂ ಮಾಡಿ. ಇವೆರಡೂ ಡಬ್ಬದಲ್ಲಿ ಚೆನ್ನಾಗಿ ಉಳಿಯುತ್ತವೆ.

ಕಿಡಿಯೊಗೆ ಅರ್ಧ ಕಿಲೋ ಮೈದಾ, ಒಂದು ಮೊಟ್ಟೆ, ಎರಡು ದೊಡ್ಡ ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು. ದಪ್ಪ ತೆಂಗಿನ ಹಾಲನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ಮುಚ್ಚಿಡಿ. ಗೋಲಿಯಷ್ಟು ಹಿಟ್ಟನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ, ಸುರುಳಿ ಸುತ್ತಿ. ಒಬ್ಬರೇ ಕೂತರೆ ಸೊಂಟ ಬಿದ್ದು ಹೋಗುತ್ತದೆ. ಮಕ್ಕಳನ್ನೂ ಪಕ್ಕದ ಮನೆಯವರನ್ನೂ ಕರೆಯಿರಿ, ಈ ತಿಂಡಿ ಇರುವುದೇ ಪಟ್ಟಾಂಗಕ್ಕೆ. ಮಧ್ಯಮ ಉರಿಯಲ್ಲಿ ಕರಿದು ಆರಿಸಿ. ಒಂದೂವರೆ ಕಪ್ ಸಕ್ಕರೆಗೆ ಅರ್ಧ ಕಪ್ ನೀರು ಹಾಕಿ, ನೂಲು ಎಳೆಯುವಷ್ಟು ಪಾಕ ಮಾಡಿ. ಉರಿ ಆರಿಸಿ, ಕಿಡಿಯೊ ಸುರಿದು, ಸಕ್ಕರೆ ಬೆಳ್ಳಗೆ ಹರಳುಗಟ್ಟುವವರೆಗೆ ಕೈಯಾಡಿಸುತ್ತಿರಿ.

ಕೊಕ್ಕಿಸಾಂ ಅಂದರೆ ಹೂವಿನ ಅಚ್ಚಿನಲ್ಲಿ ಕರಿಯುವ ಗುಲಾಬಿ ಹೂ. ಎರಡು ಕಪ್ ಬೆಳ್ತಿಗೆ ಅಕ್ಕಿಯನ್ನು ಮೂರ್ನಾಲ್ಕು ಗಂಟೆ ನೆನೆಸಿ, ತೆಂಗಿನ ಹಾಲಿನಲ್ಲಿ ನುಣ್ಣಗೆ ಅರೆಯಿರಿ. ಅರ್ಧ ಕಪ್ ಮೈದಾ, ಒಂದು ಮೊಟ್ಟೆ, ಮುಕ್ಕಾಲು ಕಪ್ ಸಕ್ಕರೆ, ಉಪ್ಪು, ಒಂದು ಚಮಚ ಕರಿಎಳ್ಳು ಸೇರಿಸಿ. ಹಿಟ್ಟು ದೋಸೆ ಹಿಟ್ಟಿನ ಹದಕ್ಕಿರಲಿ. ಸಕ್ಕರೆ ಜಾಸ್ತಿ ಆದರೆ ಬೇಗ ಕಪ್ಪಾಗುತ್ತದೆ.

ಇಡೀ ಆಟ ಇರುವುದು ಅಚ್ಚಿನಲ್ಲಿ. ಅದು ಮೊದಲು ಕುದಿಯುವ ಎಣ್ಣೆಯಲ್ಲಿ ಹತ್ತು ನಿಮಿಷ ಕೂರಬೇಕು. ತೆಗೆದು ಎಣ್ಣೆ ಕೊಡವಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಿ. ಹಿಟ್ಟು ಅಚ್ಚಿನ ಮೇಲಂಚು ದಾಟಿದರೆ ಹೂ ಬಿಡುವುದೇ ಇಲ್ಲ. ಮತ್ತೆ ಎಣ್ಣೆಗಿಳಿಸಿ, ಸ್ವಲ್ಪ ಹೊತ್ತು ಬಿಟ್ಟು ಅಲ್ಲಾಡಿಸಿದರೆ ಹೂ ತಾನಾಗಿ ಕಳಚುತ್ತದೆ. ಹಿಟ್ಟು ಅಚ್ಚಿಗೆ ಹಿಡಿಯದೆ ಜಾರಿದರೆ ಅಚ್ಚು ತಣ್ಣಗಾಗಿದೆ ಅಥವಾ ಹಿಟ್ಟು ನೀರಾಗಿದೆ. ಕಚ್ಚಿಕೊಂಡರೆ ಅಚ್ಚು ಇನ್ನೂ ಪಳಗಿಲ್ಲ. ಹೊಸ ಅಚ್ಚನ್ನು ಹಿಂದಿನ ದಿನವೇ ಗಂಜಿ ತಿಳಿಯಲ್ಲಿ ನೆನೆಸಿ, ಒರೆಸಿ, ರಾತ್ರಿಯಿಡೀ ಎಣ್ಣೆಯಲ್ಲಿಡಿ. ಮೊದಲ ನಾಲ್ಕೈದು ಹೂ ಹೇಗೂ ಕರಿದವರ ಬಾಯಿಗೇ. ತಿಳಿ ಹೊಂಬಣ್ಣಕ್ಕೆ ಬಂದಾಗಲೇ ತೆಗೆಯಿರಿ, ಹೊರಗೆ ಬಂದ ಮೇಲೂ ಬಣ್ಣ ಏರುತ್ತದೆ. ಪೂರ್ತಿ ಆರದೆ ಡಬ್ಬಕ್ಕೆ ತುಂಬಿದರೆ ಮರುದಿನ ಚರ್ಮದ ಹಾಗೆ.

ಕೊನೆಗೆ ತೆಂಗಿನತುರಿ

ನೆವ್ರಿ, ಅಕ್ಕಿ ಲಾಡು 22ರ ನಂತರ. ನೆವ್ರಿ ನೋಡಲು ನಮ್ಮ ಕರ್ಜಿಕಾಯಿಯೇ. ಹೂರಣಕ್ಕೆ ತೆಂಗಿನತುರಿಯನ್ನು ಪಸೆ ಹೋಗಿ ಗರಿಗರಿ ಆಗುವವರೆಗೆ ಹುರಿಯಿರಿ, ಇಲ್ಲಿ ಅವಸರ ನಡೆಯದು. ಆರಿದ ಮೇಲೆ ಹುರಿದ ಎಳ್ಳು, ಸಕ್ಕರೆ ಹುಡಿ, ಏಲಕ್ಕಿ, ಗೋಡಂಬಿ ಬೆರೆಸಿ. ಅಂಚಿಗೆ ನೀರು ಸವರಿ ಒತ್ತದಿದ್ದರೆ ಬಾಣಲೆಯಲ್ಲಿ ಬಾಯಿ ಬಿಟ್ಟು ಎಣ್ಣೆಯೆಲ್ಲ ಕೆಡುತ್ತದೆ. ಲಾಡಿಗೆ ಕುಚ್ಚಲಕ್ಕಿಯನ್ನು ಅರಳುವಂತೆ ಹುರಿದು ಹುಡಿ ಮಾಡಿ, ಬೆಲ್ಲ, ತೆಂಗಿನತುರಿ, ಎಳ್ಳು ಸೇರಿಸಿ ಕಟ್ಟಿ.

ತಟ್ಟೆ ಕಳಿಸುವಾಗ

ಚೌತಿಗೆ, ದೀಪಾವಳಿಗೆ ತಿಂಡಿ ಕಳಿಸಿದ ಮನೆಗಳಿಗೆಲ್ಲ ಈಗ ತಟ್ಟೆ ಹೋಗಬೇಕಲ್ವಾ? ಅವರಲ್ಲಿ ಮೊಟ್ಟೆ ತಿನ್ನದವರು ಇದ್ದೇ ಇರುತ್ತಾರೆ. ಕಿಡಿಯೊ, ಕೊಕ್ಕಿಸಾಂ, ಕೇಕ್‌ನಲ್ಲಿ ಮೊಟ್ಟೆ ಇದೆ. ನೆವ್ರಿ, ಲಾಡುಗಳಲ್ಲಿ ಇಲ್ಲ. ಅಂಥವರಿಗೆ ಬೇರೆ ತಟ್ಟೆಯನ್ನೇ ಮಾಡಿ, ಕೊಡುವಾಗ ಬಾಯಿಬಿಟ್ಟು ಹೇಳಿ. ಕೇಳಲು ಅವರಿಗೆ ಸಂಕೋಚ. ಮೊಟ್ಟೆ ತಿಂಡಿ ಕರಿದ ಎಣ್ಣೆಯಲ್ಲೇ ನೆವ್ರಿ ಕರಿಯಬೇಡಿ.

ಉಳಿದದ್ದು ಮೆತ್ತಗಾದರೆ ಎಸೆಯಬೇಡಿ. ಕೊಕ್ಕಿಸಾಂ ಅನ್ನು ಓವನ್ನಿನಲ್ಲಿ ಸಣ್ಣ ಉರಿಗೆ ಐದು ನಿಮಿಷ ಇಟ್ಟು ಆರಿಸಿದರೆ ಮತ್ತೆ ಗರಿಗರಿ. ನೆವ್ರಿ ಮಾತ್ರ ಮೊದಲು ಖಾಲಿ ಮಾಡಿ.