ಫೋಸ್ಟರ್ ಹೋಮ್ ಲೈಸೆನ್ಸ್: ನಮ್ಮ ಫೈಲು ನಿಂತದ್ದೆಲ್ಲಿ?

ಅಮೆರಿಕದಲ್ಲಿ ಫೋಸ್ಟರ್ ಹೋಮ್ ಲೈಸೆನ್ಸ್‌ಗೆ, ಅಂದರೆ ಬೇರೆಯವರ ಮಕ್ಕಳನ್ನು ತಾತ್ಕಾಲಿಕವಾಗಿ ನಮ್ಮ ಮನೆಯಲ್ಲಿಟ್ಟು ನೋಡಿಕೊಳ್ಳುವ ಅನುಮತಿಗೆ, ಅರ್ಜಿ ಹಾಕಿದ್ದೆವು. ಬೆರಳಚ್ಚು ಕೊಟ್ಟಾಗಿತ್ತು, ಆದರೂ ಫೈಲು ಮುಂದೆ ಹೋಗಲಿಲ್ಲ. ಕೇಳಿದರೆ ‘ಬ್ಯಾಕ್‌ಗ್ರೌಂಡ್ ಚೆಕ್ ಬಾಕಿ’ ಅಂತಷ್ಟೇ ಉತ್ತರ. ಯಾರದ್ದು, ಯಾವುದು ಅಂತ ಹೇಳಬೇಕಲ್ವಾ?

ಏಜೆನ್ಸಿಯವರ ಜೊತೆ ಕೂತು ಒಂದೊಂದೇ ಹಾಳೆ ತಿರುವಿದೆ. ಇಲ್ಲದೇ ಇದ್ದದ್ದು ಮಕ್ಕಳ ಮೇಲಿನ ದೌರ್ಜನ್ಯದ ರಿಜಿಸ್ಟ್ರಿ ಚೆಕ್, ಅಂದರೆ ಅಂಥ ದೌರ್ಜನ್ಯದ ಬಗ್ಗೆ ರಾಜ್ಯ ಇಟ್ಟಿರುವ ದಾಖಲೆಯಲ್ಲಿ ಹೆಸರಿದೆಯಾ ಅನ್ನುವ ತಪಾಸಣೆ. 2006ರ ಆಡಂ ವಾಲ್ಶ್ ಕಾಯ್ದೆ ಪ್ರಕಾರ, ಮನೆಯಲ್ಲಿರುವ ಪ್ರತಿಯೊಬ್ಬ ವಯಸ್ಕರೂ ಹಿಂದಿನ 5 ವರ್ಷ ಎಲ್ಲೆಲ್ಲಿ ಇದ್ದರೋ ಆ ಎಲ್ಲ ರಾಜ್ಯಗಳಿಂದಲೂ ಇದು ಬರಬೇಕು. ನಮ್ಮ ಜೊತೆಗಿರುವ ಭಾವಮೈದುನ ಮೊದಲು ಬೇರೆ ರಾಜ್ಯದಲ್ಲಿದ್ದ! ಅವನ ಸಹಿ ಹಾಕಿಸಿ ಅಲ್ಲಿಗೆ ಕೋರಿಕೆ ಕಳಿಸಿದರು, ಉತ್ತರ ಬಂತು, ಫೈಲು ಓಡಿತು.

ಈಗ ಒಬ್ಬೊಬ್ಬರಿಗೂ ಒಂದು ಹಾಳೆ ಇಟ್ಟಿದ್ದೇನೆ: ರಾಜ್ಯ, ಕಳಿಸಿದ ದಿನ, ಉತ್ತರ ಬಂದ ದಿನ. ಮಗನಿಗೆ 18 ತುಂಬುವ ತಾರೀಖೂ ಅದರಲ್ಲಿದೆ.