ಕೆಂಪು ಕೈಗಳ ಗುಹೆಗೆ ಕಾಲ್ನಡಿಗೆ

ಸಿಡ್ನಿಗೆ ನೆಂಟರು ಬಂದರೆ ಎಲ್ಲರೂ ಬ್ಲೂ ಮೌಂಟನ್ಸ್‌ನ ಕಟೂಂಬಾಕ್ಕೆ ಕರೆದೊಯ್ದು ತ್ರೀ ಸಿಸ್ಟರ್ಸ್ ಬಂಡೆಗಳ ಮುಂದೆ ಫೋಟೊ ಹೊಡೆಸುತ್ತಾರೆ. ಬಂದವರು ನಡೆಯುವವರಾದರೆ ನಾನು ಅವರನ್ನು ಮೊದಲೇ ಗ್ಲೆನ್‌ಬ್ರೂಕ್‌ನಲ್ಲಿ ರೈಲಿಂದ ಇಳಿಸಿಬಿಡುತ್ತೇನೆ. ಅದೇ ರಾಷ್ಟ್ರೀಯ ಉದ್ಯಾನ, ಗದ್ದಲ ಕಡಿಮೆ. ಅಲ್ಲಿಂದ ರೆಡ್ ಹ್ಯಾಂಡ್ಸ್ ಕೇವ್ ಅನ್ನುವ ಗುಹೆಗೆ ನಡೆದರೆ ದಾರಗ್ ಮೂಲನಿವಾಸಿಗಳ ಹಳೆಯ ಗುರುತುಗಳನ್ನು ಹತ್ತಿರದಿಂದ ನೋಡಬಹುದು.

ಸ್ಟೇಷನ್ನಿಂದ ಉದ್ಯಾನದ ಗೇಟಿಗೆ ನಡೆದೇ ಹೋಗುತ್ತೇವೆ. ಕಾರು ತಂದರೆ ಪ್ರವೇಶ ಶುಲ್ಕ ಕಟ್ಟಬೇಕು. ಮಳೆ ಜಾಸ್ತಿಯಾದರೆ ಹೊಳೆ ದಾಟುವ ಕಾಸ್‌ವೇ ಮುಚ್ಚುತ್ತಾರೆ, ಹಾಗಾಗಿ ಹಿಂದಿನ ರಾತ್ರಿಯೇ ಉದ್ಯಾನದ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಬುತ್ತಿಗೆ ಚಿತ್ರಾನ್ನ, ಕುಡಿಯಲು ಮನೆಯಿಂದಲೇ ನೀರು. ಹಳ್ಳದ ನೀರು ನೋಡಲು ತಿಳಿ, ಆದರೆ ಹಾಗೇ ಕುಡಿಯಬಾರದು. ಮಲೆನಾಡಿನವರಿಗೆ ಇಂಬಳ ಹೊಸದಲ್ಲ ಬಿಡಿ. ಉಣುಗು ಹತ್ತಿದೆಯಾ ಅಂತ ಮಾತ್ರ ಮನೆಗೆ ಬಂದು ನೋಡಿಕೊಳ್ಳಿ.

ಹೆಚ್ಚಿನವರು ಗುಹೆಯ ಅವಸರದಲ್ಲಿ ದಾರಿಯಲ್ಲಿರುವುದನ್ನೇ ದಾಟಿಬಿಡುತ್ತಾರೆ. ಹಳ್ಳದ ಪಕ್ಕದ ಮರಳುಗಲ್ಲಿನ ಮೇಲೆ, ಹಸಿ ಮಣ್ಣಿಗೆ ಬಾಳೆಹಣ್ಣು ಒತ್ತಿ ತೆಗೆದ ಹಾಗೆ, ಉದ್ದುದ್ದ ತೋಡುಗಳಿವೆ. ಕಲ್ಲಿನ ಕೊಡಲಿ ಮಸೆದ ಜಾಗ ಅದು. ಮಸೆಯಲು ನೀರು ಬೇಕು, ಅದಕ್ಕೇ ಹಳ್ಳದ ದಂಡೆ. ಬಿಸಿಲು ಓರೆಯಾಗಿ ಬಿದ್ದಾಗ ಚೆನ್ನಾಗಿ ಕಾಣುತ್ತವೆ. ಮೇಲೆ ಕಾಲಿಡಬೇಡಿ.

ಗುಹೆ ಅಂದರೆ ಕತ್ತಲ ಸುರಂಗವಲ್ಲ, ಮಳೆ ಬಂದರೆ ನಿಲ್ಲಬಹುದಾದಂಥ ಬಂಡೆಯ ಆಸರೆ. ಹಾಳು ಮಾಡುವವರ ಕಾಟಕ್ಕೆ ಮುಂದೆ ತಡೆ ಹಾಕಿದ್ದಾರೆ. ಒಳಗೋಡೆಯ ತುಂಬಾ ಕೈಗಳು. ಕೆಂಪೇ ಜಾಸ್ತಿ, ಹಳದಿ, ಬಿಳಿಯೂ ಇವೆ. ಕೈಯನ್ನು ಬಂಡೆಗೆ ಒತ್ತಿ, ನೀರಲ್ಲಿ ಕಲಸಿದ ಕೆಮ್ಮಣ್ಣನ್ನು ಬಾಯಿಂದ ಊದಿದ್ದಾರೆ. ಕೈ ತೆಗೆದರೆ ಅಷ್ಟು ಜಾಗ ಖಾಲಿ, ಸುತ್ತ ಬಣ್ಣ. ಸುಮಾರು 500ರಿಂದ 1600 ವರ್ಷ ಹಳೆಯವು ಅನ್ನುತ್ತಾರೆ. ಮೊದಲು ನಾಲ್ಕೈದು ಕಾಣುತ್ತವೆ. ಸುಮ್ನೆ ಸ್ವಲ್ಪ ಹೊತ್ತು ನಿಂತರೆ ಮಾಸಿದವೂ ಒಂದೊಂದಾಗಿ ಬೆರಳು ಬಿಡಿಸುತ್ತವೆ. ಫೋಟೊದಲ್ಲಿ ಇದು ಬರುವುದಿಲ್ಲ, ನಾನಂತೂ ತೆಗೆಯುವುದನ್ನೇ ಬಿಟ್ಟಿದ್ದೇನೆ.

ಸುತ್ತು ಹೊಡೆದು ಕಾಸ್‌ವೇಗೆ ವಾಪಸಾಗಲು ಅರ್ಧ ದಿನವಾದರೂ ಇಟ್ಟುಕೊಳ್ಳಿ. ಕಾಡಿನಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಎಲ್ಲಿಗೆ ಹೋಗುತ್ತೀರಿ ಅಂತ ಯಾರಿಗಾದರೂ ಹೇಳಿ ಹೊರಡಿ. ಅಪ್ಪ ಅಮ್ಮನಿಗೆ ಮಂಡಿನೋವಾದರೆ ಗುಹೆಯ ಹತ್ತಿರದವರೆಗೂ ಕಾರು ಹೋಗುತ್ತದೆ, ಅಲ್ಲಿಂದ ಸ್ವಲ್ಪವೇ ನಡಿಗೆ. ಮಸೆದ ತೋಡುಗಳು ಮಾತ್ರ ಅವರಿಗೆ ತಪ್ಪಿಹೋಗುತ್ತವೆ.