ಮೊದಲ ಬೈಕು: ಸಿಸಿಗಿಂತ ಮೊದಲು ನೋಡಿದ್ದು ತೂಕ

ಗೆಳೆಯನ 350 ಸಿಸಿ ಬೈಕಿನಲ್ಲಿ ಗೇರು ಹಾಕುವುದು ಕಲಿತೆ. ಮೂರನೇ ವಾರ ಯೂ-ಟರ್ನ್ ಮಾಡುವಾಗ ಎದುರಿಗೆ ಆಟೋ ಬಂತೆಂದು ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದೆ. ಹ್ಯಾಂಡಲ್ ಪೂರ್ತಿ ತಿರುಗಿತ್ತು. ಎಡಗಾಲು ಚಾಚಿದರೆ ಬೆರಳ ತುದಿಯಷ್ಟೇ ನೆಲಕ್ಕೆ ತಾಗಿತು, ಅದೂ ಸಣ್ಣ ಜಲ್ಲಿಯ ಮೇಲೆ. 190 ಕೆಜಿ ದಾಟಿದ ಗಾಡಿ ಒಮ್ಮೆ ವಾಲಿದ ಮೇಲೆ ತಡೆಯಲು ಆಗಲೇ ಇಲ್ಲ. ಕ್ಲಚ್ ಲಿವರ್ ಬಗ್ಗಿತು, ನನ್ನ ಮೊಣಕಾಲು ತರಚಿತು. ಆಗ ವೇಗ ಗಂಟೆಗೆ ಹತ್ತು ಕಿಲೋಮೀಟರೂ ಇರಲಿಲ್ಲ.

ಹೊಸಬರು ಬೀಳುವುದು ಹೆಚ್ಚಾಗಿ ಇಂಥ ಕಡೆಯೇ: ತಿರುವಿನಲ್ಲಿ, ಪಾರ್ಕಿಂಗಿನಲ್ಲಿ, ಇಳಿಜಾರಿನಲ್ಲಿ ನಿಂತಾಗ. ಹಾಗಾಗಿ ನನ್ನ ಬೈಕು ಕೊಳ್ಳುವಾಗ ಮೈಲೇಜು, ಟಾಪ್ ಸ್ಪೀಡು ಎಲ್ಲ ಆಮೇಲೆ ಎಂದುಕೊಂಡೆ.

ಶೋರೂಮಿಗೆ ದಿನಾ ಓಡಿಸುವಾಗ ಹಾಕುವ ಶೂಗಳನ್ನೇ ಹಾಕಿಕೊಂಡು ಹೋದೆ. ತೆಳು ಚಪ್ಪಲಿಯಲ್ಲಿ ಕೂತು ನೋಡಿದರೆ ಲೆಕ್ಕ ತಪ್ಪುತ್ತದೆ. ಸೀಟಿನ ಎತ್ತರ ಕಾಗದದಲ್ಲಿ ನೋಡಿದ್ದೆ, ಆದರೆ ಕೂತಾಗಲೇ ಅರ್ಥವಾಗಿದ್ದು: 795 ಮಿಲಿಮೀಟರಿನ ಒಂದು ಬೈಕಿನಲ್ಲಿ ಎರಡೂ ಪಾದ ಊರಿದವು, 780ರ ಇನ್ನೊಂದರಲ್ಲಿ ಹಿಮ್ಮಡಿ ಮೇಲೆದ್ದಿತು. ಎರಡನೆಯದರ ಸೀಟು ಟ್ಯಾಂಕಿನ ಹತ್ತಿರ ಅಗಲ, ತೊಡೆ ಹೊರಕ್ಕೆ ಚಾಚಿಕೊಂಡು ಕಾಲು ಗಿಡ್ಡವಾಗುತ್ತಿತ್ತು. ನಂತರ ಸೈಡ್ ಸ್ಟ್ಯಾಂಡಿನಿಂದ ನೆಟ್ಟಗೆ ನಿಲ್ಲಿಸಿದೆ. ಹ್ಯಾಂಡಲ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿದೆ. ಕೂತಲ್ಲಿಂದಲೇ ಕಾಲಿನಿಂದ ಹಿಂದಕ್ಕೆ ತಳ್ಳಿದೆ, ಇಳಿದು ಪಕ್ಕದಲ್ಲಿ ನಡೆದು ಹತ್ತು ಹೆಜ್ಜೆ ನೂಕಿದೆ. ಕ್ಲಚ್ಚನ್ನು ಇಪ್ಪತ್ತು ಸಲ ಹಿಡಿದು ಬಿಟ್ಟೆ. ಟ್ರಾಫಿಕ್ಕಿನಲ್ಲಿ ಕೈ ನೋಯುವುದು ಅದರಿಂದಲೇ. ಮಾರುವವರಿಗೆ ಬೇಸರ ಬಂದಿದ್ದು ಕಾಣಿಸಿತು. ಬರಲಿ, ವರ್ಷಗಟ್ಟಲೆ ಓಡಿಸುವವಳು ನಾನು.

ಕೊನೆಗೆ ತಂದಿದ್ದು ಆ 795ರದ್ದೇ, 155 ಸಿಸಿ, ಸುಮಾರು 140 ಕೆಜಿ. "ಆರು ತಿಂಗಳಲ್ಲಿ ಸಾಲದು ಅನ್ನಿಸುತ್ತೆ, ದೊಡ್ಡದೇ ತಗೋ" ಎಂದವರಿದ್ದರು. ಕಲಿಯುವ ಆರು ತಿಂಗಳೇ ಮುಖ್ಯ ಎನ್ನುವುದು ನನ್ನ ಅಭಿಪ್ರಾಯ. ಹಗುರ ಗಾಡಿ ಸಣ್ಣ ತಪ್ಪುಗಳನ್ನು ತಡೆದುಕೊಳ್ಳುತ್ತದೆ, ಸರಿಪಡಿಸಿಕೊಳ್ಳಲು ಸಮಯ ಕೊಡುತ್ತದೆ.

ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ತಿರುಗುವುದು ನಿಂತು (ಲಾಕ್ ಆಗಿ) ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ, ಅದರ ವಿಷಯದಲ್ಲಿ ಮಾತ್ರ ರಾಜಿಯಾಗಲಿಲ್ಲ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಜರುಗುವುದರಿಂದ ಗಾಡಿಯನ್ನು ನಿಲ್ಲಿಸುವ ಕೆಲಸ ಬಹುಪಾಲು ಮುಂದಿನ ಚಕ್ರದ್ದೇ. ಗಾಬರಿಯಲ್ಲಿ ಅದು ಲಾಕ್ ಆದರೆ ಹೊಸಬರ ಕೈಗೆ ಹಿಡಿತ ಮತ್ತೆ ಸಿಗುವುದು ಕಷ್ಟ. ಬಣ್ಣ, ಸ್ಟಿಕ್ಕರು ನೋಡಲು ಎರಡು ನಿಮಿಷವೂ ಹಿಡಿಯಲಿಲ್ಲ. ಹೆಲ್ಮೆಟ್, ಗ್ಲೌಸ್, ಜಾಕೆಟ್ಟಿನ ದುಡ್ಡನ್ನು ಬೈಕು ನೋಡುವ ಮುಂಚೆಯೇ ಎತ್ತಿಟ್ಟಿದ್ದೆ, ಇಲ್ಲವಾದರೆ ಅದು ಗಾಡಿಗೇ ಹೋಗಿಬಿಡುತ್ತಿತ್ತು.

ತಂದ ಮೊದಲ ಭಾನುವಾರ ಖಾಲಿ ಮೈದಾನದಲ್ಲಿ ಮೂವತ್ತರ ವೇಗದಿಂದ ಬ್ರೇಕ್ ಒತ್ತಿ ಒತ್ತಿ ಅಭ್ಯಾಸ ಮಾಡಿದೆ. ಮಣ್ಣಿನ ಮೇಲೆ ಒಮ್ಮೆ ಲಿವರ್ ಬೆರಳಿನಡಿ ಟಕಟಕ ಮಿಡಿಯಿತು, ಹ್ಯಾಂಡಲ್ ನೆಟ್ಟಗೇ ಇತ್ತು. ಎಬಿಎಸ್ ಕೆಲಸ ಮಾಡುವುದು ಕೈಗೆ ಹೀಗೆ ಗೊತ್ತಾಗುತ್ತದೆ ಎಂದು ರಸ್ತೆಗೆ ಇಳಿಯುವ ಮೊದಲೇ ತಿಳಿಯಿತು.